ಕಬ್ಬು ಸಿಕ್ಕಿಬೀಳುತ್ತದೆ, ಭತ್ತ ತಪ್ಪಿಸಿಕೊಳ್ಳುತ್ತದೆ

ಮಂಡ್ಯದ ಕಡೆ ಆಲೆಮನೆಗೆ ಹೋದವರು ಇದನ್ನು ನೋಡಿಯೇ ಇರುತ್ತಾರೆ. ಗಾಣದ ಹತ್ತಿರ, ಕಬ್ಬಿನ ಹಾಲು ಬೀಳುವ ಡ್ರಮ್ಮಿನ ಅಂಚಿನಲ್ಲಿ ಜೇನುಹುಳ ಮುತ್ತಿಕೊಂಡಿರುತ್ತವೆ. ಹೋದ ವರ್ಷ ಒಂದು ಆಲೆಮನೆಯಲ್ಲಿ ಬಗ್ಗಿ ನೋಡುತ್ತಾ ನಿಂತೆ. ಒಂದು ತುಡುವೆ ಹುಳ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಅಂಚಿನಲ್ಲಿ ಜಿನುಗಿದ ಹನಿಗೆ ನಾಲಿಗೆ ಚಾಚಿ, ಹೊಟ್ಟೆ ಉಬ್ಬುವವರೆಗೆ ಹೀರಿ, ಒಂದು ಸುತ್ತು ಹಾಕಿ ಪಕ್ಕದ ತೆಂಗಿನ ತೋಟದ ಕಡೆ ಹಾರಿತು. ಆ ತೋಟದಲ್ಲಿ ಹತ್ತು ಜೇನುಪೆಟ್ಟಿಗೆ ಇದ್ದವು.

"ಅಲ್ಲಾ ಅಣ್ಣಾ, ಇವು ಹೂವು ಬಿಟ್ಟು ಇಲ್ಲಿಗೆ ಬಂದರೆ ನಿಮ್ಮ ಜೇನನ್ನ ಶುದ್ಧ ಅನ್ನೋದು ಹೇಗೆ?" ಎಂದು ಪೆಟ್ಟಿಗೆಯವರನ್ನೇ ಕೇಳಿದೆ.

"ಹುಳಕ್ಕೆ ಸಿಹಿ ಅಂದ್ರೆ ಸಿಹಿ ಕಣಪ್ಪಾ. ನಾನಂತೂ ಒಂದು ಚಮಚ ಬೆರೆಸಿಲ್ಲ" ಎಂದರು.

ಅವರು ಹೇಳಿದ್ದು ನಿಜ. ಆದರೂ ಪ್ರಯೋಗಾಲಯಕ್ಕೆ ಕೊಟ್ಟರೆ ಅವರ ಜೇನು ಫೇಲಾಗಬಹುದು. ಮೋಸ ಮಾಡದ ಮನುಷ್ಯ ಮೋಸಗಾರನ ಪಟ್ಟಿಗೆ ಸೇರಿಬಿಡಬಹುದು. ಇದು ನನ್ನನ್ನು ತುಂಬಾ ದಿನ ಕಾಡಿತು.

ಜೇನು ಶುದ್ಧವೋ ಅಲ್ಲವೋ ಎಂದು ನೋಡಲು ನಮ್ಮ ಮನೆಗಳಲ್ಲಿ ನಾಲ್ಕಾರು ಪರೀಕ್ಷೆಗಳಿವೆ. ನೀರಿನ ಲೋಟಕ್ಕೆ ಹನಿ ಬಿಡುವುದು, ಬೆಂಕಿಕಡ್ಡಿ ಅದ್ದಿ ಗೀರುವುದು, ಇರುವೆ ಬರುತ್ತಾ ನಾಯಿ ಮೂಸುತ್ತಾ ಎಂದು ಕಾಯುವುದು. ಇವು ಯಾವುವೂ ಕೆಲಸಕ್ಕೆ ಬಾರವು. ಗಟ್ಟಿ ಸಕ್ಕರೆ ಪಾಕವೂ ಲೋಟದ ತಳಕ್ಕೇ ಇಳಿಯುತ್ತದೆ. ಇನ್ನು ಬಾಟಲಿಯಲ್ಲಿ ಹರಳುಗಟ್ಟಿದರೆ ಮುಗಿಯಿತು, "ಸಕ್ಕರೆ ಹಾಕಿದ್ದಾರೆ" ಎಂದು ಮೈಸೂರಿನಲ್ಲಿ ಪ್ರತಿ ಚಳಿಗಾಲದಲ್ಲೂ ಗಿರಾಕಿಗಳು ಅಂಗಡಿಗೆ ವಾಪಸ್ ತರುತ್ತಾರೆ. ಜೇನಿನಲ್ಲಿರುವ ಗ್ಲೂಕೋಸ್ ತಂಪಿಗೆ ಹರಳಾಗುವುದು ಅದರ ಸಹಜ ಗುಣ. ಸೂರ್ಯಕಾಂತಿ ಜೇನಂತೂ ಬಹಳ ಬೇಗ ಗಟ್ಟಿಯಾಗುತ್ತದೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಸಾಕು, ಮತ್ತೆ ಕರಗುತ್ತದೆ.

ನಿಜವಾದ ಪರೀಕ್ಷೆ ಇರುವುದು ಇಂಗಾಲದಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಇದಕ್ಕಿಂತ ಚೆಂದದ ಪತ್ತೇದಾರಿಯನ್ನು ನಾನು ಕಂಡಿಲ್ಲ.

ಗಾಳಿಯಲ್ಲಿರುವ ಇಂಗಾಲದ ನೂರು ಪರಮಾಣುಗಳಲ್ಲಿ ಸುಮಾರು 99 ಹಗುರದವು, ಇಂಗಾಲ-12. ಒಂದು ಮಾತ್ರ ಸ್ವಲ್ಪ ತೂಕದ್ದು, ಇಂಗಾಲ-13. ಎಲೆಯೊಳಗೆ ಇಂಗಾಲವನ್ನು ಹಿಡಿಯುವ ರುಬಿಸ್ಕೊ ಎಂಬ ಕಿಣ್ವಕ್ಕೆ ಹಗುರದ್ದೇ ಇಷ್ಟ. ದೇವರಾಜ ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುವವರನ್ನು ನೆನೆಸಿಕೊಳ್ಳಿ. ಒಂದೊಂದನ್ನೂ ಎತ್ತಿ ನೋಡಿ, ಬೇಡದ್ದನ್ನು ರಾಶಿಗೇ ವಾಪಸ್ ಹಾಕುತ್ತಾರೆ. ಹುಣಸೆ, ಹೊಂಗೆ, ನೇರಳೆ, ತೆಂಗು, ಹೀಗೆ ಜೇನು ಕೊಡುವ ಬಹುಪಾಲು ಗಿಡಮರಗಳ ಎಲೆ ಕೆಲಸ ಮಾಡುವುದು ಹೀಗೇ. ಬೇಡದ ಇಂಗಾಲ-13 ಮತ್ತೆ ಗಾಳಿಗೆ ಸೇರುತ್ತದೆ.

ಕಬ್ಬಿನ ದಾರಿ ಬೇರೆ. ಅಲ್ಲಿ ಇನ್ನೊಂದು ಕಿಣ್ವ ಬಾಗಿಲಲ್ಲಿ ನಿಂತು, ಹೆಚ್ಚು ಆರಿಸದೆ ಇಂಗಾಲವನ್ನು ಹಿಡಿದು ಒಳಕೋಣೆಗೆ ದಬ್ಬುತ್ತದೆ. ರುಬಿಸ್ಕೊ ಇರುವುದು ಆ ಒಳಕೋಣೆಯಲ್ಲಿ. ಬದನೆಕಾಯಿಯನ್ನು ಮೂಟೆಗಟ್ಟಲೆ ಮನೆಗೆ ತಂದ ಮೇಲೆ ಆರಿಸಿ ಏನು ಪ್ರಯೋಜನ? ಎಲ್ಲವನ್ನೂ ಸಾರಿಗೆ ಹಾಕಲೇಬೇಕು. ಇನ್ನೊಂದು ರೀತಿ ಹೇಳುತ್ತೇನೆ. ವಿ.ಸಿ. ನಾಲೆಯಲ್ಲಿ ಬಲೆ ಹಾಕಿದರೆ ಬೇಡದ ಮೀನನ್ನು ಬಿಡಬಹುದು, ಅದು ನೀರಿನ ಜೊತೆ ಮುಂದಕ್ಕೆ ಹೋಗುತ್ತದೆ. ತೂಬು ಮುಚ್ಚಿದ ಕಟ್ಟೆಯಲ್ಲಿ ಇವತ್ತು ಬಿಟ್ಟ ಮೀನು ನಾಳೆ ಮತ್ತೆ ಬಲೆಗೇ ಬೀಳುತ್ತದೆ. ಕಬ್ಬಿನ ಎಲೆ ತೂಬು ಮುಚ್ಚಿದ ಕಟ್ಟೆ. ಹಾಗಾಗಿ ಕಬ್ಬಿನ ಸಕ್ಕರೆಯಲ್ಲಿ ಇಂಗಾಲ-13 ಜಾಸ್ತಿ. ಇಂಗಾಲ-13 ಕಡಿಮೆಯಾದಷ್ಟೂ ಮೈನಸ್ ಹೆಚ್ಚುವ ವಿಜ್ಞಾನಿಗಳ ಅಳತೆಯಲ್ಲಿ ಹೂವಿನ ಜೇನು ಮೈನಸ್ 25ರ ಆಸುಪಾಸು ಇದ್ದರೆ, ಕಬ್ಬಿನ ಸಕ್ಕರೆ ಮೈನಸ್ 11ರ ಆಸುಪಾಸು.

ಇನ್ನೂ ಸೊಗಸಾದ ಸಂಗತಿ ಒಂದಿದೆ. ಜೇನಿನಲ್ಲಿ ಒಂದಿಷ್ಟು ಪ್ರೋಟೀನ್ ಇರುತ್ತದೆ, ಪರಾಗದಿಂದ ಮತ್ತು ಹುಳದ ಗ್ರಂಥಿಗಳಿಂದ ಬಂದದ್ದು. ಪಾಕ ಬೆರೆಸಿದರೆ ಸಕ್ಕರೆಯ ಲೆಕ್ಕ ಬದಲಾಗುತ್ತದೆ, ಪ್ರೋಟೀನಿನ ಲೆಕ್ಕ ಹಾಗೇ ಉಳಿಯುತ್ತದೆ. ಎರಡನ್ನೂ ಅಳೆದು ಹೋಲಿಸುತ್ತಾರೆ. ವ್ಯತ್ಯಾಸ ಆ ಅಳತೆಯಲ್ಲಿ ಒಂದು ಅಂಶ ಮುಟ್ಟಿದರೆ, ಶೇಕಡಾ 7ರಷ್ಟು ಕಬ್ಬು ಅಥವಾ ಅದೇ ದಾರಿಯ ಮೆಕ್ಕೆಜೋಳದ ಸಕ್ಕರೆ ಸೇರಿದೆ ಎಂದರ್ಥ. ಸಾಕ್ಷಿ ಬಾಟಲಿಯೊಳಗೇ ಕೂತಿರುತ್ತದೆ!

ಕಬ್ಬು ಇಂಗಾಲ ಹಿಡಿಯುವ ಈ ಬೇರೆ ದಾರಿಯನ್ನು ಮೊದಲು ಕಂಡವರು ಯಾರು ಗೊತ್ತಾ? ಹವಾಯಿ ದ್ವೀಪದ ಕಬ್ಬು ಬೆಳೆಗಾರರ ಸಂಘದ ಪ್ರಯೋಗಾಲಯದವರು. ಕೋರ್ಟ್‌ಶಾಕ್, ಹಾರ್ಟ್, ಬರ್ ಎಂಬ ಮೂವರು 1965ರಲ್ಲಿ ಅದನ್ನು ಪ್ರಕಟಿಸಿದರು. ಮರುವರ್ಷದಿಂದ ಆಸ್ಟ್ರೇಲಿಯಾದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಆ ದಾರಿಯನ್ನು ಹಂತಹಂತವಾಗಿ ಬಿಡಿಸಿಟ್ಟರು. 1970ರ ದಶಕದಲ್ಲಿ ಅಮೆರಿಕದಲ್ಲಿ ಮೆಕ್ಕೆಜೋಳದ ಪಾಕ ಅಗ್ಗವಾಗಿ ಜೇನಿಗೆ ಬೆರೆತಾಗ, ಅಲ್ಲಿನ ಕೃಷಿ ಇಲಾಖೆಯ ವೈಟ್ ಮತ್ತು ಡೋನರ್ ಈ ತಿಳಿವಳಿಕೆಯನ್ನೇ ಜೇನಿನ ಪರೀಕ್ಷೆಯಾಗಿ ಮಾಡಿದರು. ಬೆಳೆಗಾರರು ದುಡ್ಡು ಕೂಡಿಸಿ ಕಟ್ಟಿದ ಸಂಘದಲ್ಲಿ ಹುಟ್ಟಿದ ವಿಜ್ಞಾನ ಇದು. ಸಂಘ ಅಂದರೆ ವರ್ಷಕ್ಕೊಂದು ಸಭೆ, ಹಾರ, ತುರಾಯಿ ಎಂದುಕೊಂಡವರಿಗೆ ನಾನು ಈ ಕತೆ ಹೇಳುತ್ತೇನೆ.

ಆದರೆ ಮಂಡ್ಯದಲ್ಲಿ ಕಬ್ಬಿನ ಗದ್ದೆಯ ಪಕ್ಕದಲ್ಲೇ ಭತ್ತದ ಗದ್ದೆ ಇದೆಯಲ್ಲ. ಭತ್ತದ ಎಲೆ ಹೊಂಗೆಯ ಎಲೆಯ ಹಾಗೇ ಆರಿಸುತ್ತದೆ. ಅಕ್ಕಿಯಿಂದ ಮಾಡಿದ ಪಾಕವನ್ನು ಜೇನಿಗೆ ಬೆರೆಸಿದರೆ ಇಂಗಾಲದ ಪರೀಕ್ಷೆಗೆ ಅದು ಕಾಣುವುದೇ ಇಲ್ಲ. 2020ರ ಡಿಸೆಂಬರಿನಲ್ಲಿ ದಿಲ್ಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡುಗಳನ್ನು ಜರ್ಮನಿಯಲ್ಲಿ ಎನ್‌ಎಂಆರ್ ಪರೀಕ್ಷೆಗೆ ಕೊಟ್ಟಾಗ 10 ಫೇಲಾದವು. ಎನ್‌ಎಂಆರ್ ಅಂದರೆ ಬಲವಾದ ಅಯಸ್ಕಾಂತದ ನಡುವೆ ಜೇನನ್ನು ಇಟ್ಟು, ರೇಡಿಯೊ ಅಲೆ ಹಾಯಿಸಿ, ಅದರ ಪೂರ್ತಿ ಬೆರಳಚ್ಚು ತೆಗೆಯುವುದು.

ಬೆರಳಚ್ಚು ಇದ್ದರೆ ಸಾಲದು, ಹೋಲಿಸಲು ಕಡತ ಬೇಕು. ಅಸಲಿ ಎಂದು ಖಾತ್ರಿಯಿರುವ ಸಾವಿರಾರು ಜೇನುಗಳ ಕಡತ. ನಮ್ಮ ತುಡುವೆಯ ಹೊಂಗೆ ಜೇನು, ಬಿಳಿಗಿರಿರಂಗನ ಬೆಟ್ಟದ ಹೆಜ್ಜೇನು ಅದರಲ್ಲಿ ಇಲ್ಲದಿದ್ದರೆ ಅಸಲಿಯೇ ಪರಕೀಯನಂತೆ ಕಂಡೀತು. ಊರೂರಿಗೆ ಹೋಗಿ ಯಾವ ಹೂವು, ಯಾವ ತಿಂಗಳು, ಯಾವ ಹುಳ ಎಂದು ಬರೆದು ಮಾದರಿ ಕೂಡಿಸುವವರು ಯಾರು? ಹತ್ತು ಪೆಟ್ಟಿಗೆಯ ಮನುಷ್ಯನ ಕೈಲಿ ಆಗುವ ಕೆಲಸವಾ ಇದು? ಇಲ್ಲಿಯೇ ದೇಶಮಟ್ಟದ ಸಂಘ ಬೇಕಾಗುವುದು.

ನಮ್ಮಲ್ಲಿ ಅಂಥ ಸಂಘ ಇಲ್ಲವೆಂದಲ್ಲ. ಅಖಿಲ ಭಾರತ ಜೇನು ಸಾಕಣೆದಾರರ ಸಂಘ 1930ರ ದಶಕದ ಕೊನೆಯಲ್ಲೇ ಹುಟ್ಟಿ, ತನ್ನದೇ ಪತ್ರಿಕೆಯನ್ನೂ ತಂದಿತು. ಸರ್ಕಾರದ ಕಡೆಯಿಂದ 2000ದಲ್ಲಿ ರಾಷ್ಟ್ರೀಯ ಜೇನು ಮಂಡಳಿ ಬಂತು. 2020ರಲ್ಲಿ ಗುಜರಾತಿನ ಆಣಂದ್‌ನಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ಜೇನು ಪ್ರಯೋಗಾಲಯ ಶುರುವಾಯಿತು. ಸಾಕಣೆದಾರರ ಹೆಸರು ನೋಂದಾಯಿಸಿ ಜೇನಿನ ಜಾಡು ಹಿಡಿಯುವ ಮಧುಕ್ರಾಂತಿ ವ್ಯವಸ್ಥೆ 2021ರಲ್ಲಿ ಬಂತು. ಅದೇ ವರ್ಷ ಅಮೆರಿಕದ ಜೇನು ಉತ್ಪಾದಕರ ಸಂಘ, ಭಾರತವೂ ಸೇರಿ ಐದು ದೇಶಗಳ ಜೇನು ತೀರಾ ಅಗ್ಗಕ್ಕೆ ಬರುತ್ತಿದೆ ಎಂದು ದೂರು ಕೊಟ್ಟು, ಮರುವರ್ಷ ಭಾರತದ ಜೇನಿಗೂ ಸುಂಕ ಹಾಕಿಸಿತು. ಒಗ್ಗಟ್ಟಿಗೆ ಇರುವ ಬಲ ಎಷ್ಟೆಂದು ನಮಗೆ ತಟ್ಟಿದ್ದು ಹೀಗೆ.

ರೋಗದ ವಿಷಯವೂ ಇದೇ. 1991ರ ಸುಮಾರಿಗೆ ದಕ್ಷಿಣಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಮುಗಿಸಿಬಿಟ್ಟಿತು. ಎರಿಯ ಕೋಣೆಯಲ್ಲಿ ಮರಿಹುಳ ತಲೆ ಮೇಲೆತ್ತಿ, ನೀರು ತುಂಬಿದ ಪುಟ್ಟ ಚೀಲದಂತೆ ಸತ್ತಿರುತ್ತದೆ. ಒಬ್ಬರೇ ಇದ್ದಾಗ "ಯಾರದೋ ಕಣ್ಣು ಬಿತ್ತು" ಎಂದು ಪೆಟ್ಟಿಗೆಗೆ ನಿಂಬೆಹಣ್ಣು ಕಟ್ಟುತ್ತಾರೆ. ನಾನೇ ನೋಡಿದ್ದೇನೆ, ಸಂಕಟವಾಗುತ್ತದೆ. ಪಕ್ಕದ ತಾಲ್ಲೂಕಿನಲ್ಲೂ ಇದೇ ಕಂಡಿದೆ ಎಂಬ ಸುದ್ದಿ ಸಂಘದಿಂದ ಬೇಗ ಬಂದರೆ, ರೋಗದ ಪೆಟ್ಟಿಗೆಯನ್ನು ದೂರ ಇಡಬಹುದು, ಚೌಕಟ್ಟು ಅದಲುಬದಲು ಮಾಡುವುದನ್ನು ನಿಲ್ಲಿಸಬಹುದು.

ನಮ್ಮ ಹಳ್ಳಿಗಳಿಗೆ ಇದು ಹೊಸದೇನಲ್ಲ. ಬೆಳಿಗ್ಗೆ ಆರಕ್ಕೆ ಡೇರಿಯ ಮುಂದೆ ಕ್ಯಾನು ಹಿಡಿದು ಸಾಲು ನಿಲ್ಲುತ್ತೇವೆ. ಒಂದು ಹಸುವಿನವರ ಹಾಲಿಗೂ ಹತ್ತು ಹಸುವಿನವರ ಹಾಲಿಗೂ ಅದೇ ಯಂತ್ರ, ಅದೇ ಜಿಡ್ಡಿನ ಲೆಕ್ಕ, ಅದೇ ಚೀಟಿ. ಜೇನಿಗೂ ಹೋಬಳಿಗೊಂದು ತೇವಾಂಶ ಅಳೆಯುವ ಪುಟ್ಟ ಉಪಕರಣ ಇದ್ದರೆ ಎಷ್ಟು ಉಪಕಾರ! ನಿಯಮದ ಪ್ರಕಾರ ನೀರು ಶೇಕಡಾ 20 ದಾಟಬಾರದು. ಮಳೆಗಾಲದ ತುಡುವೆ ಜೇನು ಎಷ್ಟೋ ಸಲ ಅದನ್ನು ದಾಟಿ ಹುಳಿಯುತ್ತದೆ.

ಮಳೆಗಾಲದಲ್ಲಿ ಹೂವಿಲ್ಲದಾಗ ಹುಳ ಬದುಕಲೆಂದು ಸಕ್ಕರೆ ಪಾಕ ಇಡುತ್ತಾರೆ. ತಪ್ಪಲ್ಲ. ಆದರೆ ಆ ಪಾಕ ತುಂಬಿದ ಎರಿಯನ್ನೇ ಮುಂದೆ ಜೇನು ತೆಗೆಯುವ ಯಂತ್ರಕ್ಕೆ ಹಾಕಿದರೆ ಕಬ್ಬಿನ ಗುರುತು ಸಿಕ್ಕೇ ಸಿಗುತ್ತದೆ.

ಇಷ್ಟನ್ನೂ ತೆಂಗಿನ ತೋಟದ ಅಣ್ಣನಿಗೆ ಹೇಳಿದೆ. ಬದನೆಕಾಯಿ ಉಪಮೆ ಅವರಿಗೆ ಹಿಡಿಸಿತು. "ಹಂಗಾರೆ ಈ ಎರಿ ಮುಟ್ಟೋದು ಬ್ಯಾಡ" ಎಂದರು. ವಾರದೊಳಗೆ ಪೆಟ್ಟಿಗೆಗಳನ್ನು ರಾತ್ರಿ ಹೊತ್ತು ಬಾಗಿಲು ಮುಚ್ಚಿ, ನಾಲೆಯ ಆಚೆ ಹೊಂಗೆ ಸಾಲಿನ ಕಡೆ ಸಾಗಿಸಿದರು. ಮುಂದಿನ ಸಲ ಹೋದಾಗ ಮೊದಲನೆಯ ಪೆಟ್ಟಿಗೆಯ ಮುಚ್ಚಳದ ಕೆಳಗೆ ಒಂದು ನೋಟ್‌ಬುಕ್ ಇತ್ತು. ತಾರೀಖು ಹಾಕಿ ಬರೆದಿದ್ದರು: "ಆಲೆಮನೆ ಜೇನು. ಹುಳಕ್ಕೇ ಬಿಟ್ಟಿದೆ."