ನೀಲಿ ಲೈಟ್ ಹಿಡಿದರೆ ಹಲ್ಲಿನ ಫಿಲ್ಲಿಂಗ್ ಗಟ್ಟಿಯಾಗುವುದು ಹೇಗೆ?

ಪ್ರಶ್ನೆ: ಹುಳುಕು ಹಲ್ಲಿಗೆ ಬಿಳಿ ಪೇಸ್ಟ್ ತುಂಬಿ ಡಾಕ್ಟರ್ ನೀಲಿ ಲೈಟ್ ಹಿಡಿಯುತ್ತಾರೆ. 20 ಸೆಕೆಂಡಿನಲ್ಲಿ ಅದು ಕಲ್ಲಿನ ಹಾಗೆ ಆಗುತ್ತದೆ. ಲೈಟಿನ ಬಿಸಿಗೆ ಒಣಗುವುದಾ? ನೀಲಿ ಬಣ್ಣವೇ ಯಾಕೆ?

ಉತ್ತರ: ಅದು ಒಣಗುವುದಲ್ಲ. ಒಣಗಬೇಕಾದರೆ ಒಳಗಿರುವ ನೀರೋ ಇನ್ನೊಂದೋ ಆವಿಯಾಗಿ ಹೋಗಬೇಕು ಅಲ್ವಾ? ಇಲ್ಲಿ ಹಾಗೆ ಏನೂ ಹೋಗುವುದಿಲ್ಲ. ಪೇಸ್ಟಿನಲ್ಲಿದ್ದ ಸಣ್ಣ ಅಣುಗಳೇ ಒಂದಕ್ಕೊಂದು ಹೆಣೆದುಕೊಂಡು ಬಲೆಯಾಗುತ್ತವೆ. ಇದೇ ಪಾಲಿಮರೀಕರಣ. ಹಲ್ಲಿಗೆ ಸ್ವಲ್ಪ ಬಿಸಿ ತಾಗುವುದು ನಿಜ. ದೀಪದಿಂದ ಒಂದಿಷ್ಟು ಶಾಖ ಬರುತ್ತದೆ, ಅಣುಗಳು ಸೇರಿಕೊಳ್ಳುವಾಗಲೂ ಒಂದಿಷ್ಟು ಹುಟ್ಟುತ್ತದೆ.

ಪೇಸ್ಟಿನಲ್ಲಿ ನುಣ್ಣನೆಯ ಗಾಜಿನ ಪುಡಿ ಮತ್ತು ಮೆಥಾಕ್ರಿಲೇಟ್ ಅನ್ನುವ ಅಂಟು ದ್ರವ ಇರುತ್ತವೆ. ಈ ದ್ರವದ ಅಣುವಿನ ಎರಡೂ ತುದಿಗಳಲ್ಲಿ ಇಂಗಾಲದ ಜೋಡಿಬಂಧ ಇದೆ. ಅದು ಬಿಚ್ಚಿಕೊಂಡರೆ ಪಕ್ಕದ ಅಣುವನ್ನು ಹಿಡಿದುಕೊಳ್ಳಬಹುದು. ಆದರೆ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ, ಯಾರಾದರೂ ಶುರು ಮಾಡಿಕೊಡಬೇಕು.

ಬೆಳಕೇ ನೇರವಾಗಿ ಶುರು ಮಾಡಬಾರದಾ? ಅದಕ್ಕೆ ಅಷ್ಟು ಬಲ ಇಲ್ಲ. 470 ನ್ಯಾನೊಮೀಟರ್ ನೀಲಿ ಬೆಳಕಿನ ಶಕ್ತಿ ಒಂದು ಮೋಲ್‌ಗೆ (ಕಣಗಳನ್ನು ಲೆಕ್ಕ ಹಾಕುವ ಒಂದು ಅಳತೆ) ಸುಮಾರು 254 ಕಿಲೋಜೂಲ್. ಇಂಗಾಲ-ಇಂಗಾಲದ ಒಂಟಿಬಂಧ ಮುರಿಯುವುದಕ್ಕೇ ಸುಮಾರು 347 ಬೇಕು. ಅದೂ ಅಲ್ಲದೆ ಈ ದ್ರವ ನೀಲಿ ಬೆಳಕನ್ನು ಹೀರುವುದೇ ಇಲ್ಲ, ಸುಮ್ನೆ ಹಾದುಹೋಗಲು ಬಿಡುತ್ತದೆ.

ಅದಕ್ಕೇ ಪೇಸ್ಟಿಗೆ ಚಿಟಿಕೆಯಷ್ಟು ಕ್ಯಾಂಫರ್‌ಕ್ವಿನೋನ್ ಸೇರಿಸಿರುತ್ತಾರೆ. ಇದು ಕರ್ಪೂರದಿಂದ ತಯಾರಾಗುವ ಹಳದಿ ವಸ್ತು. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಈ ಹಳದಿಯಲ್ಲೇ ಇದೆ. ಬಿಳಿ ಬೆಳಕಿನಿಂದ ನೀಲಿಯನ್ನು ನುಂಗಿಕೊಳ್ಳುವ ವಸ್ತು ನಮ್ಮ ಕಣ್ಣಿಗೆ ಹಳದಿಯಾಗಿ ಕಾಣುತ್ತದೆ. ಇದು ಅತಿ ಜಾಸ್ತಿ ಹೀರುವುದು 468 ನ್ಯಾನೊಮೀಟರ್ ಹತ್ತಿರ. ದೀಪವನ್ನು ಅದಕ್ಕೆ ಹೊಂದಿಸಿ ಮಾಡಿದ್ದಾರೆ. ಕೆಂಪು ಲೈಟನ್ನು ಎಷ್ಟು ಹೊತ್ತು ಹಿಡಿದರೂ ಈ ಪೇಸ್ಟ್ ಗಟ್ಟಿಯಾಗದು.

ಬೆಳಕು ನುಂಗಿದ ಕ್ಯಾಂಫರ್‌ಕ್ವಿನೋನ್ ಮುರಿದುಹೋಗುವುದಿಲ್ಲ, ಕೆರಳಿ ನಿಲ್ಲುತ್ತದೆ. ಪಕ್ಕದಲ್ಲೇ ಅಮೀನ್ ಅನ್ನುವ ಜೊತೆಗಾರನನ್ನೂ ಇಟ್ಟಿರುತ್ತಾರೆ. ಕೆರಳಿದ ಅಣು ಅದರಿಂದ ಮೊದಲು ಒಂದು ಎಲೆಕ್ಟ್ರಾನ್, ಹಿಂದೆಯೇ ಒಂದು ಪ್ರೋಟಾನ್ ಕಿತ್ತುಕೊಳ್ಳುತ್ತದೆ. ಈಗ ಅಮೀನಿನಲ್ಲಿ ಜೋಡಿಯಿಲ್ಲದ ಒಂದು ಎಲೆಕ್ಟ್ರಾನ್ ಉಳಿಯಿತು. ಇಂಥ ಅಣುವಿಗೆ ರ‍್ಯಾಡಿಕಲ್ ಅನ್ನುತ್ತಾರೆ. ಅದು ಹತ್ತಿರದ ಜೋಡಿಬಂಧಕ್ಕೆ ಕೈ ಹಾಕುತ್ತದೆ. ಬಂಧ ಬಿಚ್ಚಿ ಅಂಟಿಕೊಂಡ ಕೂಡಲೇ ಒಂಟಿತನ ಹೊಸ ತುದಿಗೆ ದಾಟುತ್ತದೆ. ಆ ತುದಿ ಮುಂದಿನ ಅಣುವನ್ನು ಹಿಡಿಯುತ್ತದೆ. ಹೀಗೆ ಬೆಳಕು ಒಂದು ಸಲ ತಟ್ಟಿದ್ದಕ್ಕೆ ಸಾಲು ಸಾಲು ಅಣುಗಳು ಸೇರಿಕೊಳ್ಳುತ್ತವೆ. ನನಗೆ ಈ ಇಡೀ ವಿಷಯದಲ್ಲಿ ತುಂಬ ಚೆಂದ ಅನ್ನಿಸುವುದು ಇದೇ ಜಾಗ.

ಬಣ್ಣದ ವಸ್ತು ಸೇರಿಸಿ, ಕಣ್ಣಿಗೆ ಕಾಣುವ ಬೆಳಕಿನಿಂದಲೇ ಪಾಲಿಮರ್ ಮಾಡಬಹುದು ಅಂತ ವಿಜ್ಞಾನಿ ಜೆರಾಲ್ಡ್ ಆಸ್ಟರ್ 1954ರಲ್ಲೇ ತೋರಿಸಿದ್ದರು. ಆದರೂ ಹಲ್ಲಿನ ಫಿಲ್ಲಿಂಗಿಗೆ 1970ರ ದಶಕದಲ್ಲಿ ಮೊದಲು ಬಂದದ್ದು ನೇರಳಾತೀತ ಬೆಳಕು. ಅದು ಆಳಕ್ಕೆ ಇಳಿಯುತ್ತಿರಲಿಲ್ಲ, ಕಣ್ಣಿಗೂ ಚರ್ಮಕ್ಕೂ ಒಳ್ಳೆಯದಲ್ಲ. ನೀಲಿ ಬೆಳಕು ಬಂದ ಮೇಲೆ ಅದು ಹಿಂದೆ ಸರಿಯಿತು. ನೀಲಿಗೂ ಮಿತಿ ಇದೆ. ಅದಕ್ಕೇ ಪೇಸ್ಟನ್ನು ಸುಮಾರು 2 ಮಿಲಿಮೀಟರ್ ಪದರಗಳಲ್ಲಿ ತುಂಬಿ, ಒಂದೊಂದಕ್ಕೂ ಲೈಟ್ ಹಿಡಿಯುತ್ತಾರೆ.

ಕೋಣೆಯ ಬೆಳಕಿನಲ್ಲೂ ನೀಲಿ ಇದೆಯಲ್ಲ ಅಂತ ನೀವು ಕೇಳಬಹುದು. ಇದೆ, ಅದಕ್ಕೂ ಪೇಸ್ಟ್ ನಿಧಾನವಾಗಿ ಗಟ್ಟಿಯಾಗುತ್ತದೆ. ಹಾಗಾಗಿಯೇ ಅದು ಬೆಳಕು ತೂರದ ಸಿರಿಂಜಿನಲ್ಲಿ ಬರುತ್ತದೆ, ಹೊರಗೆ ತೆಗೆದದ್ದನ್ನು ಮುಚ್ಚಿಡುತ್ತಾರೆ. ಲೈಟ್ ಹಿಡಿಯುವಾಗ ಅಡ್ಡ ಇಡುವ ಕಿತ್ತಳೆ ಬಣ್ಣದ ಹಾಳೆ ನೋಡಿದ್ದೀರಾ? ಅದು ನೀಲಿಯನ್ನು ತಡೆದು ಕಣ್ಣು ಕಾಯುತ್ತದೆ.

ಗಟ್ಟಿಯಾದ ಪದರದ ಮೇಲ್ಮೈ ಸ್ವಲ್ಪ ಅಂಟಂಟಾಗಿ ಉಳಿಯುತ್ತದೆ. ಗಾಳಿಯ ಆಮ್ಲಜನಕ ರ‍್ಯಾಡಿಕಲ್‌ಗಳನ್ನು ಹಿಡಿದು ಸುಮ್ಮನಾಗಿಸುವುದೇ ಕಾರಣ. ಒಳಗೆ ಆ ಕಾಟ ಕಡಿಮೆ. ಅಲ್ಲಿ ಕೆಲವು ರ‍್ಯಾಡಿಕಲ್‌ಗಳು ಗಟ್ಟಿಯಾದ ಬಲೆಯಲ್ಲಿ ಸಿಕ್ಕಿಕೊಂಡು, ಅಲುಗಾಡಲು ಜಾಗ ಸಿಕ್ಕಷ್ಟು ಕೆಲಸ ಮುಂದುವರಿಸುತ್ತವೆ. ನೀವು ಮನೆಗೆ ಬಂದ ಮೇಲೂ, ಸುಮಾರು ಒಂದು ದಿನ, ಫಿಲ್ಲಿಂಗ್ ಇನ್ನಷ್ಟು ಗಟ್ಟಿಯಾಗುತ್ತಲೇ ಇರುತ್ತದೆ.