ಸಂಜೆ ಆರೂವರೆಗೆ ವಿಮಾನ ಇಳಿದರೆ ಮೆಜೆಸ್ಟಿಕ್‌ನಲ್ಲಿ ಎಷ್ಟು ಗಂಟೆಯ ಬಸ್ಸು ಹಿಡಿಯಬಹುದು?

ಪ್ರಶ್ನೆ: ಅಪ್ಪ ಅಮ್ಮ ಇಬ್ಬರೇ ದೆಹಲಿಯಿಂದ ಬರುತ್ತಿದ್ದಾರೆ. ಸಂಜೆ 6:30ಕ್ಕೆ ಬೆಂಗಳೂರಲ್ಲಿ ವಿಮಾನ ಇಳಿಯುತ್ತದೆ. ಅಲ್ಲಿಂದ ರಾತ್ರಿ ಬಸ್ಸಿಗೆ ಸಾಗರಕ್ಕೆ ಹೋಗಬೇಕು. 9 ಗಂಟೆಯ ಬಸ್ಸು ಬುಕ್ ಮಾಡಿದರೆ ಸಿಗುತ್ತದಾ? ಮೆಜೆಸ್ಟಿಕ್‌ಗೆ ಟ್ಯಾಕ್ಸಿ ಮಾಡಿಸಬೇಕಾ, ಏರ್‌ಪೋರ್ಟ್ ಬಸ್ಸೇ ಸಾಕಾ? ಮೆಟ್ರೊ ಶುರುವಾಗಿದೆ ಅಂತ ಯಾರೋ ಹೇಳಿದರು.

ಉತ್ತರ: 9 ಗಂಟೆಯ ಬಸ್ಸು ಬುಕ್ ಮಾಡಬೇಡಿ. 10:30 ಅಥವಾ ಅದರ ನಂತರದ್ದು ಮಾಡಿ. ಕೈಯಲ್ಲಿ ಎಳೆದುಕೊಂಡು ಹೋಗುವಂಥ ಒಂದೊಂದೇ ಬ್ಯಾಗಿದ್ದರೆ ಏರ್‌ಪೋರ್ಟ್‌ನ ವಾಯು ವಜ್ರ ಬಸ್ಸು ಧಾರಾಳವಾಗಿ ಸಾಕು. ಅದಕ್ಕಿಂತ ಹೆಚ್ಚು ಲಗೇಜಿದ್ದರೆ ಟ್ಯಾಕ್ಸಿ. ವಿಮಾನ ನಿಲ್ದಾಣಕ್ಕೆ ಮೆಟ್ರೊ ನಂಬಿಕೊಂಡು ಹೊರಡಬೇಡಿ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರ, ಹೆಬ್ಬಾಳದ ಮೇಲೆ ದೇವನಹಳ್ಳಿ ಕಡೆಗೆ ಬರುವ ಸುಮಾರು 58 ಕಿಲೋಮೀಟರಿನ ನೀಲಿ ಮಾರ್ಗಕ್ಕೆ ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ದಾರಿಯುದ್ದಕ್ಕೂ ಕಾಣುವ ಕಂಬಗಳು ಅದರವೇ. ಅದರ ಕೆಲಸ ಮುಗಿಯುವ ತನಕ ರಸ್ತೆಯೇ ಗತಿ.

10:30 ಅಂದದ್ದು ಯಾಕೆ ಅಂದರೆ, ಟಿಕೆಟ್‌ನಲ್ಲಿ ಬರೆದಿರುವ 6:30 ವಿಮಾನ ತನ್ನ ಜಾಗಕ್ಕೆ ಬಂದು ನಿಲ್ಲುವ ಹೊತ್ತಿನ ಲೆಕ್ಕ. ಅಲ್ಲಿಂದ ಬಾಗಿಲು ತೆಗೆದು, ಹಿಂದಿನ ಸಾಲಿನವರು ಕೆಳಗಿಳಿಯುವಷ್ಟರಲ್ಲಿ 15ರಿಂದ 20 ನಿಮಿಷ. ಬೆಲ್ಟ್‌ವರೆಗೆ ನಡೆದು ಬ್ಯಾಗು ಬರುವವರೆಗೆ ಕಾಯುವುದಕ್ಕೆ ಇನ್ನೊಂದು 20ರಿಂದ 40 ನಿಮಿಷ. ಶೌಚಾಲಯ, ಬಸ್ಸಿನ ಜಾಗಕ್ಕೆ ನಡಿಗೆ, ಬಸ್ಸು ಹೊರಡುವ ತನಕ ಕೂರುವುದು, ಇದಕ್ಕೆಲ್ಲ ಅರ್ಧ ಗಂಟೆ ಇಟ್ಟುಕೊಳ್ಳಿ. ಅಂದರೆ ಎಲ್ಲವೂ ಸರಿಯಾಗಿ ನಡೆದರೆ ಬಸ್ಸು ಹೊರಡುವ ಹೊತ್ತಿಗೆ 7:40 ಆಗಿರುತ್ತದೆ. ಮೆಜೆಸ್ಟಿಕ್‌ಗೆ ಸುಮಾರು 35 ಕಿಲೋಮೀಟರ್. ನಸುಕಿನಲ್ಲಿ ಒಂದು ಗಂಟೆಯ ದಾರಿ, ಸಂಜೆ ಒಂದೂವರೆ ಗಂಟೆ, ಮಳೆ ಬಂದರೆ ಎರಡು ಗಂಟೆ. ಹೀಗೆ 9:15ರಿಂದ 9:45. ವಿಮಾನ ಮುಕ್ಕಾಲು ಗಂಟೆ ತಡವಾದರೂ ಉಸಿರಾಡಲು ಜಾಗ ಇರಬೇಕಲ್ಲ, ಅದಕ್ಕೇ 10:30. ಹೊರದೇಶದಿಂದ ಬರುವವರಾದರೆ ಇಮಿಗ್ರೇಷನ್ ಮತ್ತು ಕಸ್ಟಮ್ಸ್‌ಗೆಂದು ಇನ್ನೊಂದು ಗಂಟೆ ಸೇರಿಸಿ.

ಈ 35 ಕಿಲೋಮೀಟರಿನಲ್ಲಿ ಸಾದಹಳ್ಳಿ, ಚಿಕ್ಕಜಾಲ, ಯಲಹಂಕದ ತನಕದ ಓಟ ಸಾಮಾನ್ಯವಾಗಿ ಸಲೀಸು. ಸಮಯ ತಿನ್ನುವುದು ಹೆಬ್ಬಾಳ. ಎತ್ತರಿಸಿದ ರಸ್ತೆಯಲ್ಲಿ ಓಡಿಕೊಂಡು ಬಂದ ವಾಹನಗಳು, ಕೆಳಗಿನ ಸರ್ವಿಸ್ ರಸ್ತೆಯವು, ಕೆ.ಆರ್. ಪುರ ಕಡೆಯ ರಿಂಗ್ ರಸ್ತೆಯವು ಎಲ್ಲವೂ ಮೇಲ್ಸೇತುವೆ ಬಾಯಲ್ಲಿ ಬಂದು ಸೇರುತ್ತವೆ. ಊರೊಳಗೆ ಬರುವವರಿಗೆ ಅಲ್ಲಿ ಅತಿ ಕಷ್ಟದ ಹೊತ್ತು ಬೆಳಿಗ್ಗೆ 8ರಿಂದ 11. ಸಂಜೆಯದು ಅದಕ್ಕಿಂತ ಸ್ವಲ್ಪ ವಾಸಿ. ಆದರೆ ಶುಕ್ರವಾರ ರಾತ್ರಿ ಮತ್ತು ಹಬ್ಬದ ಹಿಂದಿನ ದಿನ ಎರಡನೇ ಗಂಟು ಬೀಳುತ್ತದೆ: ಊರಿಗೆ ಹೊರಟ ಜನ, ಅವರನ್ನು ಬಿಡಲು ಬಂದ ಆಟೊಗಳು, ಖಾಸಗಿ ಬಸ್ಸುಗಳು ಸೇರಿ ಆನಂದರಾವ್ ವೃತ್ತ, ಖೋಡೇಸ್ ವೃತ್ತದ ಸುತ್ತ ಕೊನೆಯ ಎರಡು ಕಿಲೋಮೀಟರೇ ಅರ್ಧ ಗಂಟೆ ನುಂಗುತ್ತದೆ. ಅಂಥ ದಿನ 11 ಗಂಟೆಯ ಬಸ್ಸೇ ಸರಿ. ಎರಡು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಯಲಹಂಕದಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುತ್ತದೆ. ಆ ವಾರ ವಿಮಾನ ನಿಲ್ದಾಣದಿಂದ ಬರುವ ಈ ಬಳ್ಳಾರಿ ರಸ್ತೆಯ ಲೆಕ್ಕವೇ ಬೇರೆ.

ಇನ್ನು ಬಸ್ಸಿನ ವಿಷಯ. ಬಿಎಂಟಿಸಿಯ ಏರ್‌ಪೋರ್ಟ್ ಬಸ್ಸುಗಳಿಗೆ ವಾಯು ವಜ್ರ ಅಂತ ಹೆಸರು, ನಂಬರಿಗೆ ಮೊದಲು ಕೆಐಎ ಅಂತ ಇರುತ್ತದೆ. ಮೆಜೆಸ್ಟಿಕ್‌ಗೆ ಹೋಗುವುದು ಕೆಐಎ-9. ಕೆಐಎ-8 ಎಲೆಕ್ಟ್ರಾನಿಕ್ ಸಿಟಿಗೆ ಹೋಗುತ್ತದೆ, ಅಪ್ಪಿತಪ್ಪಿ ಅದನ್ನು ಹತ್ತಿದರೆ ಊರಿನ ಇನ್ನೊಂದು ತುದಿಗೆ ಹೋಗಿ ಬೀಳುತ್ತೀರಿ. ಎರಡು ಬಸ್ಸುಗಳು ಅಕ್ಕಪಕ್ಕ ನಿಂತಿದ್ದಾಗ ಈ ಎಡವಟ್ಟು ಆಗುವುದುಂಟು, ಹಾಗಾಗಿ ಬೋರ್ಡು ಓದಿದ ಮೇಲೂ ಕಂಡಕ್ಟರ್ ಹತ್ತಿರ 'ಮೆಜೆಸ್ಟಿಕ್ ಹೋಗುತ್ತಲ್ಲ?' ಎಂದು ಒಂದು ಮಾತು ಕೇಳಿಬಿಡಲು ಅಪ್ಪನಿಗೆ ಹೇಳಿ. ಟಿಕೆಟ್ ಒಬ್ಬರಿಗೆ ಮುನ್ನೂರು ರೂಪಾಯಿಯ ಆಸುಪಾಸು. ಯುಪಿಐ ನಡೆಯುತ್ತದೆ. ಆದರೂ ಕೈಯಲ್ಲಿ ನೂರರ ನಾಲ್ಕಾರು ನೋಟಿದ್ದರೆ ಒಳ್ಳೆಯದು, ವಿಮಾನ ಇಳಿದ ತಕ್ಷಣ ಹಿರಿಯರ ಫೋನಿಗೆ ನೆಟ್‌ವರ್ಕ್ ಹತ್ತಲು ಹೊತ್ತು ಹಿಡಿಯುತ್ತದೆ. ಬಸ್ಸು ಎಲ್ಲಿದೆ ಅಂತ ನೀವು ಮನೆಯಲ್ಲೇ ಕೂತು 'ನಮ್ಮ ಬಿಎಂಟಿಸಿ' ಆ್ಯಪ್‌ನಲ್ಲಿ ನೋಡಿ ಅವರಿಗೆ ಹೇಳಬಹುದು.

ಅಮ್ಮನಿಗೆ ಒಂದು ಮಾತು ಮೊದಲೇ ತಿಳಿಸಿ. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆ ವಾಯು ವಜ್ರಕ್ಕೆ ಅನ್ವಯಿಸುವುದಿಲ್ಲ. ಆಧಾರ್ ತೋರಿಸಿದರೂ ಟಿಕೆಟ್ ತೆಗೆಯಲೇಬೇಕು. ಮುಂದೆ ಸಾಗರಕ್ಕೆ ಸ್ಲೀಪರ್ ಅಥವಾ ರಾಜಹಂಸ ಬುಕ್ ಮಾಡಿದರೂ ಅಷ್ಟೇ, ಸಾಮಾನ್ಯ ಕೆಂಪು ಬಸ್ಸಿಗೆ ಮಾತ್ರ ಉಚಿತ. ಬಸ್ಸಿನಲ್ಲಿ ಎಲ್ಲರ ಮುಂದೆ ಕಂಡಕ್ಟರ್ ಜೊತೆ ವಾದಕ್ಕೆ ನಿಂತು ಕೊನೆಗೆ ಮುಖ ಸಣ್ಣದು ಮಾಡಿಕೊಳ್ಳುವುದನ್ನು ತಪ್ಪಿಸಲು ಇಷ್ಟು ಸಾಕು.

ವಾಯು ವಜ್ರದ ನಿಜವಾದ ತೊಂದರೆ ಶುರುವಾಗುವುದು ಇಳಿದ ಮೇಲೆ. ಅದು ನಿಲ್ಲುವುದು ಬಿಎಂಟಿಸಿ ಬದಿಯಲ್ಲಿ, ಸಾಗರದ ಬಸ್ಸು ಹೊರಡುವುದು ಕೆಎಸ್‌ಆರ್‌ಟಿಸಿ ಬದಿಯಲ್ಲಿ. ನಡುವೆ ಜನಜಂಗುಳಿ, ಮೆಟ್ಟಿಲು. ಬೆನ್ನಿಗೊಂದು ಚೀಲ ಇರುವವರಿಗೆ ಐದು ನಿಮಿಷ. ಇಪ್ಪತ್ತು ಕೆಜಿಯ ಎರಡು ಸೂಟ್‌ಕೇಸು, ಮೇಲೊಂದು ಸಿಹಿ ಡಬ್ಬದ ಕೈಚೀಲ ಇರುವ ಅರವತ್ತೈದು ದಾಟಿದವರಿಗೆ ಅದು ಅರ್ಧ ಗಂಟೆ ಮತ್ತು ಮಂಡಿನೋವು. ಲಗೇಜು ಹೆಚ್ಚಿದ್ದರೆ ಟ್ಯಾಕ್ಸಿ ಅಂದದ್ದು ಇದಕ್ಕೇ, ಅದು ಕೆಎಸ್‌ಆರ್‌ಟಿಸಿ ಗೇಟಿನ ಹತ್ತಿರಕ್ಕೇ ಬಿಡುತ್ತದೆ. ಸಾಗರದ ಬಸ್ಸಿನ ಟಿಕೆಟ್‌ನಲ್ಲಿ ಟರ್ಮಿನಲ್ ನಂಬರ್ ಇರುತ್ತದೆ, ಡ್ರೈವರ್‌ಗೆ ಅದನ್ನೇ ಹೇಳಬೇಕು. ಬರೀ 'ಮೆಜೆಸ್ಟಿಕ್' ಅಂದರೆ ಸಾಲದು.

ಟ್ಯಾಕ್ಸಿ ಬಾಡಿಗೆ ಸರಿಯಿದೆಯೇ ಎಂದು ನೋಡಲು ಒಂದು ಸುಲಭದ ಲೆಕ್ಕ ಇದೆ. 2024ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಏಕರೂಪದ ದರ ಗೊತ್ತು ಮಾಡಿತು. 10 ಲಕ್ಷದೊಳಗಿನ ಬೆಲೆಯ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ನಂತರ ಕಿಲೋಮೀಟರಿಗೆ 24. ಮೆಜೆಸ್ಟಿಕ್‌ವರೆಗಿನ 35 ಕಿಲೋಮೀಟರಿಗೆ 100 ಮತ್ತು 31 ಸಲ 24, ಒಟ್ಟು 844. ಇದರ ಮೇಲೆ ಸಾದಹಳ್ಳಿ ಟೋಲು ಮತ್ತು ಶೇ 5ರ ತೆರಿಗೆ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಶೇ 10 ಹೆಚ್ಚು. ಇನ್ನೂ ದೊಡ್ಡ ಕಾರಾದರೆ ಕಿಲೋಮೀಟರಿಗೆ 28 ಅಥವಾ 32. ಫೋನಿನಲ್ಲಿ ಕಾಣುವ ಮೊತ್ತ ಇದರ ಆಚೀಚೆ ಇದ್ದರೆ ಒಪ್ಪಿಕೊಳ್ಳಿ, ದುಪ್ಪಟ್ಟಿದ್ದರೆ ಇನ್ನೊಂದು ಆ್ಯಪ್ ನೋಡಿ, ಇಲ್ಲವೇ ಕೌಂಟರಿನಲ್ಲಿ ಕೇಳಿ. ಆ್ಯಪ್‌ನಲ್ಲಿ ಬಾಡಿಗೆಯೊಳಗೇ ಟೋಲು ಸೇರಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಸೇರಿದ್ದರೆ ಇಳಿಯುವಾಗ ಮತ್ತೆ ಕೊಡಬೇಕಿಲ್ಲ.

ಹೊರಗೆ ಬರುತ್ತಿದ್ದ ಹಾಗೆ 'ಟ್ಯಾಕ್ಸಿ ಬೇಕಾ ಸರ್?' ಎಂದು ಹತ್ತಿರ ಬರುವವರಿಗೆ 'ಬುಕ್ ಆಗಿದೆ' ಅಂದು ಮುಂದೆ ನಡೆಯಬೇಕು. ಕಾರಿನ ನಂಬರ್ ಪ್ಲೇಟೇ ಅರ್ಧ ಕಥೆ ಹೇಳುತ್ತದೆ. ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ ಇದ್ದರೆ ಬಾಡಿಗೆ ಕಾರು. ಹಸಿರು ಹಲಗೆಯ ಮೇಲೆ ಹಳದಿ ಅಕ್ಷರ ಇದ್ದರೆ ಬ್ಯಾಟರಿಯಲ್ಲಿ ಓಡುವ ಬಾಡಿಗೆ ಕಾರು. ಬಿಳಿ ಹಲಗೆ, ಅಥವಾ ಹಸಿರಿನ ಮೇಲೆ ಬಿಳಿ ಅಕ್ಷರ ಇದ್ದರೆ ಅದು ಯಾರದೋ ಮನೆಯ ಕಾರು. ಅದಕ್ಕೆ ಬಾಡಿಗೆ ಓಡಿಸುವ ಪರವಾನಗಿ ಇರುವುದಿಲ್ಲ, ದಾರಿಯಲ್ಲಿ ಹೆಚ್ಚುಕಮ್ಮಿ ಆದರೆ ಪ್ರಯಾಣಿಕರಿಗೆ ವಿಮೆ ಸಿಗುವುದೂ ಕಷ್ಟ. ಬುಕ್ ಆದ ಕಾರಿನ ಡ್ರೈವರೇ 'ಕ್ಯಾನ್ಸಲ್ ಮಾಡಿ, ಅದೇ ದುಡ್ಡಿಗೆ ಬರ್ತೀನಿ' ಅಂದರೂ ಒಪ್ಪಬಾರದು. ಕ್ಯಾನ್ಸಲ್ ಮಾಡಿದ ಕ್ಷಣದಿಂದ ಆ ಪ್ರಯಾಣದ ದಾಖಲೆಯೇ ಇರುವುದಿಲ್ಲ, ನೀವು ಫೋನಿನಲ್ಲಿ ಕಾರು ಎಲ್ಲಿದೆ ಅಂತ ನೋಡಲೂ ಆಗುವುದಿಲ್ಲ. ನಿಮ್ಮ ಫೋನಿನಿಂದಲೇ ಅವರಿಗೆ ಕಾರು ಬುಕ್ ಮಾಡುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಆದರೆ ಬ್ಯಾಗು ಕೈಗೆ ಬಂದ ಮೇಲೆ ಮಾಡಿ. ಬೆಲ್ಟ್ ಮುಂದೆ ನಿಂತಿದ್ದಾಗಲೇ ಮಾಡಿದರೆ ಡ್ರೈವರ್ ಕಾದು ಕಾದು ಹೊರಟುಬಿಡುತ್ತಾರೆ. ಹತ್ತುವ ಜಾಗ ಎರಡು ಟರ್ಮಿನಲ್‌ಗಳಲ್ಲೂ ಬೇರೆ ಬೇರೆ, ಹಾಗಾಗಿ ಅವರು ಯಾವ ಟರ್ಮಿನಲ್‌ನಲ್ಲಿ ಇಳಿದಿದ್ದಾರೆ ಎಂದು ಕೇಳಿಕೊಂಡೇ ಬುಕ್ ಮಾಡಿ.

ರೈಲು ಇದೆ. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹತ್ತಿರ ಒಂದು ಹಾಲ್ಟ್ ಶುರುವಾಯಿತು, ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ. ಟಿಕೆಟ್ ಬಹಳ ಅಗ್ಗ. ಆದರೆ ದಿನಕ್ಕೆ ಬೆರಳೆಣಿಕೆಯ ರೈಲುಗಳು, ಟರ್ಮಿನಲ್‌ನಿಂದ ಅಲ್ಲಿಗೆ ಬೇರೆ ಬಸ್ಸು ಹಿಡಿಯಬೇಕು. ಹೊತ್ತು ಸರಿಹೊಂದಿದ ಒಂಟಿ ಪ್ರಯಾಣಿಕರಿಗೆ ಒಳ್ಳೆಯದು, ನಿಮ್ಮ ಅಪ್ಪ ಅಮ್ಮನಿಗೆ ಬೇಡ.

ಮೈಸೂರಿಗೆ ಹೋಗಬೇಕಾದವರೂ ಇದೇ ಪ್ರಶ್ನೆ ಕೇಳುತ್ತಾರೆ. ಅವರು ಮೆಜೆಸ್ಟಿಕ್‌ಗೆ ಬರಲೇಬಾರದು. ಕೆಎಸ್‌ಆರ್‌ಟಿಸಿಯ ಫ್ಲೈ ಬಸ್ ವಿಮಾನ ನಿಲ್ದಾಣದಿಂದಲೇ ನೇರ ಮೈಸೂರಿಗೆ ಹೊರಡುತ್ತದೆ.

ನಿಮ್ಮ ವಿಷಯದಲ್ಲಿ ಗೊತ್ತಿರಬೇಕಾದ ಒಂದು ಒಳದಾರಿ ಇದೆ. ಸಾಗರ, ಶಿವಮೊಗ್ಗ, ಹುಬ್ಬಳ್ಳಿ ಕಡೆಯ ಬಸ್ಸುಗಳು ಮೆಜೆಸ್ಟಿಕ್ ಬಿಟ್ಟು ಯಶವಂತಪುರ, ಗೊರಗುಂಟೆಪಾಳ್ಯದ ಮೇಲೆ ತುಮಕೂರು ರಸ್ತೆ ಸೇರುತ್ತವೆ. ವಿಮಾನ ನಿಲ್ದಾಣದಿಂದ ಬರುವವರು ಹೆಬ್ಬಾಳದಿಂದ ಬಿಇಎಲ್ ವೃತ್ತದ ಮೇಲೆ ರಿಂಗ್ ರಸ್ತೆಯಲ್ಲೇ ಸುಮಾರು 9 ಕಿಲೋಮೀಟರ್ ಹೋದರೆ ಅದೇ ಗೊರಗುಂಟೆಪಾಳ್ಯ. ಮೆಜೆಸ್ಟಿಕ್‌ನ ಜಂಗುಳಿ ಪೂರ್ತಿ ತಪ್ಪುತ್ತದೆ, ಬಸ್ಸು ಅಲ್ಲಿಗೆ ಬರುವುದೂ ಅರ್ಧ ಗಂಟೆ ತಡವಾಗಿ. ಒಂಟಿ ಬ್ಯಾಗಿನವರು ಕೆಐಎ-9ರಲ್ಲಿ ಹೆಬ್ಬಾಳಕ್ಕೇ ಟಿಕೆಟ್ ತೆಗೆದು, ಇಳಿಯುವ ಜಾಗ ಕಂಡಕ್ಟರ್‌ಗೆ ಆಗಲೇ ಹೇಳಿ, ಅಲ್ಲಿಂದ ಆಟೊ ಹಿಡಿಯಬಹುದು. 2025ರ ಆಗಸ್ಟ್‌ನಿಂದ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 36, ನಂತರ ಕಿಲೋಮೀಟರಿಗೆ 18, ಅಂದರೆ 162 ರೂಪಾಯಿ. ರಾತ್ರಿ 10 ದಾಟಿದರೆ ಒಂದೂವರೆ ಪಟ್ಟು. ಆದರೆ ಗೊರಗುಂಟೆಪಾಳ್ಯ ಬಸ್‌ಸ್ಟ್ಯಾಂಡ್ ಅಲ್ಲ, ಲಾರಿಗಳು ಭೋರೆಂದು ಹಾಯುವ ರಸ್ತೆಬದಿ. ನೆಮ್ಮದಿಯಾಗಿ ಕೂರಲು ಜಾಗವಿಲ್ಲ, ಬಸ್ಸು ಒಂದು ನಿಮಿಷ ನಿಂತು ಹೊರಡುತ್ತದೆ. ಊಟ, ಶೌಚಾಲಯ, ಪ್ಲಾಟ್‌ಫಾರ್ಮ್ ಇರುವುದು ಮೆಜೆಸ್ಟಿಕ್‌ನಲ್ಲೇ. ಹಾಗಾಗಿ ಹಿರಿಯರಿಗೆ ಮೆಜೆಸ್ಟಿಕ್ ಅನ್ನುವುದೇ ನಮ್ಮ ಸಲಹೆ, ಗೊರಗುಂಟೆಪಾಳ್ಯ ಆಪತ್ತಿಗಿರಲಿ.

ಆಪತ್ತು ಅಂದರೆ, ವಿಮಾನ ತುಂಬ ತಡವಾಗಿ ಅವರು ಮೆಜೆಸ್ಟಿಕ್ ಮುಟ್ಟುವಷ್ಟರಲ್ಲಿ ಬಸ್ಸು ಆಗಷ್ಟೇ ಹೊರಟಿರುವುದು. ಟಿಕೆಟ್ ಹೋಯಿತು ಎಂದು ಕೈಚೆಲ್ಲಬೇಡಿ. ಹೊರಡುವ ಮುಂಚೆ ಬರುವ ಎಸ್‌ಎಂಎಸ್‌ನಲ್ಲಿ ಬಸ್ಸಿನ ನಂಬರ್ ಜೊತೆ ಕಂಡಕ್ಟರ್ ಫೋನ್ ನಂಬರ್ ಇದ್ದರೆ ತಕ್ಷಣ ಫೋನ್ ಮಾಡಿ, ಮುಂದೆ ಎಲ್ಲಿ ನಿಲ್ಲಿಸುತ್ತಾರೆ ಎಂದು ಕೇಳಿ, ಸೀಟು ಬೇರೆಯವರಿಗೆ ಕೊಡಬೇಡಿ ಅನ್ನಿ. ಮೆಟ್ರೊದ ಹಸಿರು ಮಾರ್ಗ ಅದೇ ತುಮಕೂರು ರಸ್ತೆಯ ಮೇಲೆ ಹೋಗುತ್ತದೆ. ಮಾದಾವರ ಕಡೆಯ ರೈಲು ಹತ್ತಿದರೆ ಮೆಜೆಸ್ಟಿಕ್ ಬಿಟ್ಟ ಮೇಲೆ ಎಂಟನೆಯ ನಿಲ್ದಾಣ ಗೊರಗುಂಟೆಪಾಳ್ಯ, ಸುಮಾರು 20 ನಿಮಿಷ. ಬಸ್ಸು ನವರಂಗ್ ಸಿಗ್ನಲ್‌ನಲ್ಲಿ ತೆವಳುತ್ತಿರುವಾಗ ಮೆಟ್ರೊ ಅದನ್ನು ದಾಟಿ ಮುಂದೆ ಹೋಗಿರುತ್ತದೆ. ಅಲ್ಲೂ ತಪ್ಪಿದರೆ ಇನ್ನು ಮೂರು ನಿಲ್ದಾಣ ಮುಂದೆ ಜಾಲಹಳ್ಳಿ ಇದೆ. ಆದರೆ ಕಂಡಕ್ಟರ್‌ನನ್ನು ಕೇಳದೆ ಅಲ್ಲಿ ಹೋಗಿ ನಿಲ್ಲಬೇಡಿ: ಕೆಲವು ಬಸ್ಸುಗಳು ಪೀಣ್ಯ ಮೇಲ್ಸೇತುವೆ ಹತ್ತಿ ಹೋಗುತ್ತವೆ, ಕೆಳಗೆ ಕಾಯುತ್ತಿರುವವರ ತಲೆಯ ಮೇಲೇ ಅವರ ಬಸ್ಸು ಹಾದುಹೋಗಿರುತ್ತದೆ. ನಿಲ್ದಾಣದಿಂದ ಕೆಳಗಿಳಿಯುವಾಗ ವಾಹನಗಳು ತುಮಕೂರಿನತ್ತ ಹೋಗುವ ಬದಿಯ ಮೆಟ್ಟಿಲನ್ನೇ ಹಿಡಿಯಬೇಕು, ತಪ್ಪಿ ಇನ್ನೊಂದು ಬದಿಗೆ ಇಳಿದರೆ ಆ ರಸ್ತೆ ದಾಟುವುದು ಹಿರಿಯರಿಂದ ಆಗುವ ಕೆಲಸವಲ್ಲ.