ಶಾಲೆ ಲೈಬ್ರರಿಯನ್ ಆಗೋಕೆ ಬಿ.ಎಡ್. ಬೇಕಾ?

ಪ್ರಶ್ನೆ: ಮೇಡಂ, ನಾನು ಚಿತ್ರದುರ್ಗದಲ್ಲಿ ಬಿ.ಎ. ಕೊನೇ ವರ್ಷ ಓದುತ್ತಿದ್ದೇನೆ. ಶಾಲೆಯಲ್ಲಿ ಲೈಬ್ರರಿಯನ್ ಆಗಬೇಕು ಅಂತ ಆಸೆ. ಮನೆಯಲ್ಲಿ ಮಾತ್ರ "ಮೊದಲು ಬಿ.ಎಡ್. ಮುಗಿಸು, ಲೈಬ್ರರಿ ಕೆಲಸ ತಾನಾಗಿ ಬರುತ್ತೆ" ಅಂತಾರೆ. ಹೌದಾ?

ಇಲ್ಲಮ್ಮ. ಬೇಕಾಗಿರೋದು ಬಿ.ಲಿಬ್., ಅಂದರೆ ಲೈಬ್ರರಿ ಸೈನ್ಸ್ ಪದವಿ. ನಾನೂ ಶಾಲೆ ಲೈಬ್ರರಿಯನ್ನೇ, ಈ ಪ್ರಶ್ನೆ ನನಗೆ ಪ್ರತಿ ವರ್ಷ ರಿಸಲ್ಟ್ ಬರೋ ಹೊತ್ತಿಗೆ ಯಾರಾದರೂ ಕೇಳುತ್ತಾರೆ, ಅದಕ್ಕೇ ಬರೆದು ಇಡುತ್ತಿದ್ದೇನೆ.

ನಿಮ್ಮ ಮನೆಯವರು ಸುಮ್ನೆ ಹೇಳಿದ್ದಲ್ಲ. ಅವರು ನೋಡಿರೋದು ಸರ್ಕಾರಿ ಶಾಲೆ. ಅಲ್ಲಿ ಲೈಬ್ರರಿ ಅಂದರೆ ಹೆಚ್ಚಿನ ಕಡೆ ಒಂದು ಬೀರು, ಅದರ ಕೀಲಿ ಯಾರೋ ಒಬ್ಬ ಮೇಷ್ಟ್ರ ಹತ್ತಿರ. ಅವರು ಬಿ.ಎಡ್. ಮಾಡಿ ಮೇಷ್ಟ್ರಾದವರು, ಲೈಬ್ರರಿ ಅವರಿಗೆ ಹೆಚ್ಚುವರಿ ಹೊಣೆ ಅಷ್ಟೇ. 2009ರ ಶಿಕ್ಷಣ ಹಕ್ಕು ಕಾಯ್ದೆ ತೆಗೆದು ನೋಡಿ. ಪ್ರತಿ ಶಾಲೆಯಲ್ಲೂ ಲೈಬ್ರರಿ ಇರಬೇಕು, ಪೇಪರ್, ಪತ್ರಿಕೆ, ಕಥೆ ಪುಸ್ತಕ ಎಲ್ಲ ಇರಬೇಕು ಅಂತಿದೆ. ಲೈಬ್ರರಿಯನ್ ಇರಬೇಕು ಅಂತ ಇಲ್ಲ! ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೆ 5 ಸಾವಿರದಿಂದ 20 ಸಾವಿರದವರೆಗೆ ಲೈಬ್ರರಿ ಅನುದಾನ ಇದೆ, ಅದು ಪುಸ್ತಕಕ್ಕೆ, ಸಂಬಳಕ್ಕಲ್ಲ.

ಹಾಗಾದರೆ ಹುದ್ದೆ ಎಲ್ಲಿದೆ? ಕೇಂದ್ರೀಯ ವಿದ್ಯಾಲಯ, ನವೋದಯ, ಮತ್ತೆ ಖಾಸಗಿ ಶಾಲೆಗಳು. ಕೇಂದ್ರೀಯ ವಿದ್ಯಾಲಯದಲ್ಲಿ ಲೈಬ್ರರಿಯನ್ ಆಗೋಕೆ ಲೈಬ್ರರಿ ಸೈನ್ಸ್ ಪದವಿ, ಇಲ್ಲಾಂದ್ರೆ ಯಾವುದಾದರೂ ಡಿಗ್ರಿ ಜೊತೆ ಒಂದು ವರ್ಷದ ಲೈಬ್ರರಿ ಡಿಪ್ಲೊಮಾ ಸಾಕು. ಬಿ.ಎಡ್. ಸುದ್ದಿನೇ ಇಲ್ಲ. ಮೂಲ ವೇತನ ಕೇಂದ್ರ ಸರ್ಕಾರದ ಲೆವೆಲ್ 7, ಅಂದರೆ ತಿಂಗಳಿಗೆ 44,900ರಿಂದ ಶುರು. ಸಾಮಾನ್ಯ ವರ್ಗಕ್ಕೆ ವಯಸ್ಸಿನ ಮಿತಿ 35. ನವೋದಯಕ್ಕೂ ಹೆಚ್ಚುಕಡಿಮೆ ಇದೇ ಲೆಕ್ಕ, ಆದರೆ ಅದು ವಸತಿ ಶಾಲೆ, ಹಾಗಾಗಿ ಕೆಲಸ ಸಂಜೆ ನಾಲ್ಕಕ್ಕೆ ಮುಗಿಯುತ್ತೆ ಅಂತ ಅಂದ್ಕೋಬೇಡಿ. ಒಂದು ಮಾತು, ಇವಕ್ಕೆ ದೇಶದ ಎಲ್ಲಾ ಕಡೆಯಿಂದ ಅರ್ಜಿ ಬರುತ್ತೆ, ಪೋಸ್ಟಿಂಗ್ ಕೂಡ ಎಲ್ಲಿ ಬೇಕಾದರೂ ಆಗಬಹುದು. ದುರ್ಗದಲ್ಲೇ ಕೂರುತ್ತೇನೆ ಅನ್ನೋರಿಗೆ ಖಾಸಗಿ ಶಾಲೆಯೇ ಗತಿ, ಮತ್ತೆ ಅಲ್ಲಿ ಸಂಬಳ... ಬಿಡಿ, ನಾನು ಸೇರಿದಾಗ ಸಿಗುತ್ತಿದ್ದದ್ದು ಬಸ್ ಪಾಸಿಗೂ ಪೀಜಿ ಬಾಡಿಗೆಗೂ ಸರಿಹೋಗುತ್ತಿತ್ತು.

ಓದೋದು ಎಲ್ಲಿ ಅನ್ನೋದು ದೊಡ್ಡ ತಲೆನೋವಲ್ಲ. ಬಿ.ಲಿಬ್. ಒಂದು ವರ್ಷದ ಕೋರ್ಸ್, ಯಾವ ಡಿಗ್ರಿ ಆದವರೂ ಸೇರಬಹುದು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲೂ ಇಗ್ನೋದಲ್ಲೂ (ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ) ಮನೆಯಿಂದಲೇ ಮಾಡಬಹುದು, ಆದರೆ ಇಗ್ನೋ ಡಿಗ್ರಿಯಲ್ಲಿ ಶೇ. 50 ಅಂಕ ಕೇಳುತ್ತೆ, ನಿಮ್ಮ ಮಾರ್ಕ್ಸ್ ಕಾರ್ಡ್ ನೋಡಿಕೊಳ್ಳಿ. ಕ್ಲಾಸಿನಲ್ಲಿ ಕೂತೇ ಕಲಿಯಬೇಕು ಅಂದರೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ವಿಭಾಗ ಇದೆ. ಮುಂದೆ ಕಾಲೇಜಿಗೆ ಹೋಗೋ ಮನಸ್ಸಿದ್ದರೆ ಮಾತ್ರ ಎಂ.ಲಿಬ್., ಆಮೇಲೆ ನೆಟ್ ಅಥವಾ ಕೆ-ಸೆಟ್ ಅನ್ನೋ ಅರ್ಹತಾ ಪರೀಕ್ಷೆ.

ಕೋರ್ಸಿನಲ್ಲಿ ಮೊದಲು ಸಿಗೋರು ರಂಗನಾಥನ್. ಮದ್ರಾಸಿನಲ್ಲಿ ಗಣಿತದ ಮೇಷ್ಟ್ರಾಗಿದ್ದವರು, 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರ ಬರೆದರು, ಕೊನೆಗೆ ನಮ್ಮ ಬೆಂಗಳೂರಲ್ಲೇ ನೆಲೆಸಿದರು. ಆಮೇಲೆ ಡ್ಯೂಯಿ ಅಂಕಿಗಳು, ಅಂದರೆ ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸೋಕೆ ಕೊಡೋ ಅಂಕಿಗಳು. ಕನ್ನಡ ಸಾಹಿತ್ಯ ಅಂದರೆ 894.814. ಅದರ ಕೊನೆಗೆ 1 ಸೇರಿದರೆ ಕವಿತೆ, 2 ನಾಟಕ, 3 ಕಥೆ ಕಾದಂಬರಿ. ಹೊಸ ಪುಸ್ತಕ ಬಂದಾಗ, ಬಂದ ಪುಸ್ತಕಗಳ ಲೆಕ್ಕ ಇಡೋ ಅಕ್ಸೆಷನ್ ರಿಜಿಸ್ಟರ್‌ನಲ್ಲಿ ನಂಬರ್ ಹಾಕಿ, ಲೇಖಕರು, ಬೆಲೆ, ಬಿಲ್ ನಂಬರ್ ಬರೆದು, ಒಳಗೆ ಸೀಲ್ ಒತ್ತಿ, ಬೆನ್ನಿಗೆ ಅಂಕಿಯ ಚೀಟಿ ಅಂಟಿಸಬೇಕು. ಕಂಪ್ಯೂಟರ್‌ನಲ್ಲಿ ಕೋಹಾ, ಇ-ಗ್ರಂಥಾಲಯ ತರಹದ ಸಾಫ್ಟ್‌ವೇರ್ ಗೊತ್ತಿದ್ದರೆ ಇಂಟರ್‌ವ್ಯೂನಲ್ಲಿ ನಿಮ್ಮದೇ ಮೇಲುಗೈ.

ಆದರೆ ಎರಡನೇ ಕ್ಲಾಸಿನ ಮಗುವಿಗೆ 894.814 ತಗೊಂಡು ಏನಾಗಬೇಕು? ನಾನು ದಾವಣಗೆರೆಯ ಶಾಲೆಯಲ್ಲಿ ಕೆಲಸಕ್ಕೆ ಸೇರಿದ ವಾರವೇ ಒಬ್ಬ ಹುಡುಗ ಬಂದು "ಮಿಸ್, ಆ ಕೆಂಪು ಪುಸ್ತಕ ಕೊಡಿ" ಅಂದ. ಹೆಸರು ಗೊತ್ತಿಲ್ಲ, ಬರೆದವರು ಗೊತ್ತಿಲ್ಲ. ಒಳಗೆ ಏನಿತ್ತಪ್ಪ ಅಂದೆ. "ಒಂದು ಕತ್ತೆ ಇತ್ತು, ಅದು ಅಳ್ತಿತ್ತು." ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿತು, ರಟ್ಟು ನೀಲಿ! ಅವನು ಕೆಂಪು ಅಂದಿದ್ದು ಒಳಗಿನ ಒಂದು ಚಿತ್ರಕ್ಕೆ. ಅವತ್ತೇ ಸ್ಟೇಷನರಿ ಅಂಗಡಿಗೆ ಹೋಗಿ ಬಣ್ಣದ ಟೇಪ್ ತಂದೆ. ಪ್ರಾಣಿ ಕಥೆಗೆ ಹಸಿರು, ದೆವ್ವದ ಕಥೆಗೆ ಕಪ್ಪು, ಹೀಗೆ ಅಂಕಿಯ ಚೀಟಿ ಕೆಳಗೆ ಸುತ್ತಿದೆ. ಕಪ್ಪು ಟೇಪಿನ ಪುಸ್ತಕ ಮಾತ್ರ ಕಪಾಟಿನಲ್ಲಿ ನಿಲ್ಲೋದೇ ಇಲ್ಲ.

ಕೆಲಸದ ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ಯಾವ ಟೀಚರ್ ರಜೆ ಹಾಕಿದರೂ ಆ ಕ್ಲಾಸು ಲೈಬ್ರರಿಯನ್ ತಲೆಗೆ. ಪರೀಕ್ಷೆ ಹತ್ತಿರ ಬಂತು ಅಂದರೆ ಲೈಬ್ರರಿ ಪೀರಿಯಡ್ಡೇ ಮಾಯ. ಪುಸ್ತಕ ಹರಿದರೆ ದುಡ್ಡು ಕಟ್ಟಬೇಕು ಅನ್ನೋ ಭಯಕ್ಕೆ ಬೀರು ತೆರೆಯೋಕೇ ಬಿಡದ ಆಡಳಿತ ಮಂಡಳಿಯ ಕೈಕೆಳಗೂ ನಾನು ದುಡಿದಿದ್ದೇನೆ. ಅಲ್ಲಿಗಿಂತ ಜಾಸ್ತಿ ಪುಸ್ತಕ ಹರಿದದ್ದು ಈಗ ನಾನಿರೋ ಶಾಲೆಯಲ್ಲಿ, ಮಕ್ಕಳು ಜಾಸ್ತಿ ಓದಿದ್ದೂ ಇಲ್ಲೇ.

ಅದಕ್ಕೇ ಫೀಸ್ ಕಟ್ಟೋಕೆ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಪಂಚಾಯ್ತಿಯ ಅರಿವು ಕೇಂದ್ರ (ಪಂಚಾಯ್ತಿ ಲೈಬ್ರರಿ) ಅಥವಾ ನೀವು ಓದಿದ ಶಾಲೆಗೇ ಹೋಗಿ, ಹದಿನೈದು ದಿನ ಪುಸ್ತಕ ಜೋಡಿಸಿಕೊಡ್ತೀನಿ ಅಂತ ಕೇಳಿ. ಬಿ.ಎ. ಪರೀಕ್ಷೆ ಮುಗಿದು ರಿಸಲ್ಟ್ ಬರೋವರೆಗೆ ಹೇಗೂ ಖಾಲಿ ಇರ್ತೀರಲ್ವಾ? ಧೂಳಿಗೆ ಸೀನು ಬರೋರಾದರೆ ಮೂಗಿಗೆ ಕಟ್ಟಿಕೊಳ್ಳೋಕೆ ಒಂದು ಬಟ್ಟೆ ತಗೊಂಡು ಹೋಗಿ.